ನುಂಗು ಎಂಬ ಕ್ರಿಯಾಪದ

ಕಡೂರು
೧೪ ಜೂನ್ ೨೦೨೫

ಸ್ಫೂರ್ತಿ,

ನೀನು ಕೇಳಿದ ಅಧ್ಯಾಯ ಈ ಪತ್ರದ ಜೊತೆಗಿದೆ. "ಪಿಯು ಮಕ್ಕಳಿಗೆ ಅಂತ ಚಿಕ್ಕಪ್ಪನ ಟ್ರಸ್ಟಿಂದ ವಿಜ್ಞಾನದ ಪುಸ್ತಕ ತರ್ತಾ ಇದೀವಿ, ಆಕಾಶದ ಭಾಗ ನೀನೇ ಬರೀಬೇಕು ಕಣೇ" ಎಂದು ನೀನು ಫೋನಿನಲ್ಲಿ ಹೇಳಿದಾಗ ಒಪ್ಪಿಕೊಂಡೆ. ನಿನಗಾಗಿ ಒಪ್ಪಲಿಲ್ಲ, ಅಪ್ಪನಿಗಾಗಿ ಒಪ್ಪಿದೆ. ಅದು ನಿನಗೆ ಮೊದಲೇ ಗೊತ್ತಿರಲಿ. ನಿನ್ನ ಚಿಕ್ಕಪ್ಪನ ಅಜ್ಜಂಪುರದ ಮನೆಯ ಗೃಹಪ್ರವೇಶದ ದಿನದ ಮಾತನ್ನು ನೀನೂ ಎತ್ತಲಿಲ್ಲ, ನಾನೂ ಎತ್ತುವುದಿಲ್ಲ.

ಪುಣೆಯ ಹುದ್ದೆ ಮುಗಿದಿದೆ. ಮುಂದಿನದು ಸಿಗುವವರೆಗೆ ಮನೆಯಲ್ಲೇ ಕೂತು ಲೆಕ್ಕ ಹಾಕುತ್ತಿದ್ದೇನೆ. ನಾನು ಬರೆದದ್ದೆಲ್ಲ ಇಂಗ್ಲಿಷಿನಲ್ಲಿದೆ. ಅಪ್ಪ ಬೀರೂರು ಜಂಕ್ಷನ್ನಿನಲ್ಲಿ ಕೆಲಸ ಮಾಡುತ್ತಿದ್ದಾಗಿನಿಂದಲೂ ಕನ್ನಡ ಪತ್ರಿಕೆಯನ್ನು ಮೊದಲ ಪುಟದ ತಾರೀಖಿನಿಂದ ಕೊನೆಯ ಪುಟದ ಮುದ್ರಕರ ಹೆಸರಿನವರೆಗೆ ಓದುವವರು. "ಮಗಳು ನಕ್ಷತ್ರದ ಮೇಲೆ ಓದವ್ಳೆ" ಎಂದು ಎಲ್ಲರಿಗೂ ಹೇಳುತ್ತಾರೆ. ನಕ್ಷತ್ರದ ಮೇಲೆ ಏನು ಎಂದು ಯಾರಾದರೂ ಕೇಳಿದರೆ ಸುಮ್ಮನಾಗುತ್ತಾರೆ. ಕೈಬರಹ ಕೊಟ್ಟರೆ ಮುಟ್ಟಲಿಲ್ಲ. "ಅಚ್ಚಾಗಿ ಬರ್ಲಿ, ನಿನ್ನ ಹೆಸರು ಇರ್ಲಿ, ಆಮ್ಯಾಕೆ ಓದ್ತೀನಿ" ಅಂದರು.

ವಿಷಯ ಹೀಗಿದೆ. ದೈತ್ಯ ಗ್ಯಾಲಕ್ಸಿಗಳ ಸುತ್ತ ಚಿಕ್ಕ, ಬಹಳ ದಟ್ಟವಾದ ನಕ್ಷತ್ರದ ಮುದ್ದೆಗಳು ಸಾವಿರಾರು ಸುತ್ತುತ್ತಿವೆ. ಕೆಲವು ಆ ದೈತ್ಯನ ಜೊತೆಗೇ ಹುಟ್ಟಿದ ನಕ್ಷತ್ರಗುಚ್ಛಗಳು. ಕೆಲವು ಹಾಗಲ್ಲ. ಅವು ಒಂದು ಕಾಲದಲ್ಲಿ ತಾವೇ ಪುಟ್ಟ ಗ್ಯಾಲಕ್ಸಿಗಳಾಗಿದ್ದವು. ದೈತ್ಯನ ಹತ್ತಿರ ಬಿದ್ದಾಗಲೆಲ್ಲ ಹೊರಗಿನ ನಕ್ಷತ್ರಗಳನ್ನು ಅದು ಎಳೆದುಕೊಂಡಿತು. ಕೊನೆಗೆ ನಡುವಿನ ಗಟ್ಟಿಭಾಗ ಮಾತ್ರ ಉಳಿಯಿತು. ದೂರದಿಂದ ನೋಡಿದರೆ ಎರಡೂ ಒಂದೇ ಥರದ ಚುಕ್ಕೆ. ಯಾವುದು ಇಲ್ಲೇ ಹುಟ್ಟಿದ್ದು, ಯಾವುದು ಸುಲಿಸಿಕೊಂಡದ್ದು ಎಂದು ಹೇಗೆ ತಿಳಿಯುವುದು? ಅವುಗಳ ಚಲನೆಯಿಂದ. ಹೊರಗಿನಿಂದ ಬಿದ್ದವು ಸಾಮಾನ್ಯವಾಗಿ ಉದ್ದನೆಯ ದಾರಿ ಹಿಡಿಯುತ್ತವೆ, ಒಳಗೆ ಆಳಕ್ಕೆ ಬಂದು ಮತ್ತೆ ಬಹಳ ದೂರ ಹೋಗುತ್ತವೆ. ತೊಡಕೇನೆಂದರೆ ಒಂದು ಮುದ್ದೆ ನಮ್ಮ ಕಡೆಗೆ ಬರುತ್ತಿದೆಯೋ ನಮ್ಮಿಂದ ದೂರ ಹೋಗುತ್ತಿದೆಯೋ ಅಷ್ಟು ಮಾತ್ರ ಬೆಳಕಿನಿಂದ ಅಳೆಯಬಹುದು. ಅಡ್ಡಕ್ಕೆ ಹೋಗುವುದು ಕಾಣುವುದಿಲ್ಲ. ಆದ್ದರಿಂದ ನೂರಾರನ್ನು ಒಟ್ಟಿಗೆ ಅಳೆದು ಊಹಿಸಬೇಕು. ನಾನು ಮಾಡುತ್ತಿರುವುದು ಅದನ್ನೇ.

ಸುಲಿದು ಉಳಿದ ಮುದ್ದೆಗೆ ನಾನು ಗಿಟುಕು ಎಂದು ಬಳಸಿದ್ದೇನೆ. ಸಿಪ್ಪೆ ಹೋಗಿ, ಚಿಪ್ಪು ಹೋಗಿ ಉಳಿದ ಕೊಬ್ಬರಿ ಉಂಡೆ ನಮ್ಮ ಕಡೆಯ ಯಾವ ಮಗುವಿಗೆ ಗೊತ್ತಿಲ್ಲ? ದೈತ್ಯ ಮಾಡಿದ ಕೆಲಸಕ್ಕೆ ನುಂಗು ಎಂಬ ಕ್ರಿಯಾಪದ ಬಳಸಿದ್ದೇನೆ. ಎರಡನ್ನೂ ಯೋಚಿಸಿಯೇ ಇಟ್ಟಿದ್ದೇನೆ. ಅನುವಾದದ ಕಾದಂಬರಿಗಳನ್ನು ಓದುತ್ತ ಅನುವಾದಕರು ಕಷ್ಟದ ಪದದಿಂದ ಎಲ್ಲಿ ತಪ್ಪಿಸಿಕೊಂಡರು ಎಂದು ನಾವಿಬ್ಬರೂ ಹುಡುಕುತ್ತಿದ್ದೆವಲ್ಲ, ಅಂಥ ಜಾಗ ಇದರಲ್ಲಿ ಇಲ್ಲ.

ಸಂಘಮಿತ್ರಾ


ತರೀಕೆರೆ
೨ ಜುಲೈ ೨೦೨೫

ಪ್ರೀತಿಯ ಮಿತ್ರಾ,

ನಿನ್ನ ಅಧ್ಯಾಯವನ್ನು ಬಸ್‌ಸ್ಟ್ಯಾಂಡಿನಲ್ಲೇ ಓದಿ ಮುಗಿಸಿದೆ. ಅಜ್ಜಂಪುರದ ಬಸ್ಸು ಒಂದು ಹೋಯಿತು, ಅದರ ಹಿಂದಿನದೂ ಹೋಯಿತು. ಕಾಲೇಜಿನಲ್ಲಿ ಇಷ್ಟು ವರ್ಷ ಗುರುತ್ವದ ಪಾಠ ಮಾಡಿದ್ದೇನೆ, ಹೀಗೆ ಒಂದು ದಿನವೂ ಹೇಳಲು ಬಂದಿಲ್ಲ. ಸುಲಿದ ಗ್ಯಾಲಕ್ಸಿಯ ಹೊಟ್ಟೆಯಲ್ಲಿ ಅದರ ಮೈಗೆ ಹೊಂದದಷ್ಟು ದೊಡ್ಡ ಕಪ್ಪುಕುಳಿ ಸಿಕ್ಕರೆ, ಒಂದು ಕಾಲದಲ್ಲಿ ಇದು ದೊಡ್ಡದಾಗಿತ್ತು ಎಂದು ತಿಳಿಯಬಹುದು ಎಂದು ಬರೆದಿದ್ದೀಯಲ್ಲ, ಆ ಜಾಗವನ್ನು ಮತ್ತೆ ಓದಿದೆ.

ಒಂದು ಮಾತು ಹೇಳಿಬಿಡುತ್ತೇನೆ. ಚಿಕ್ಕಪ್ಪ ಪ್ರತಿಯನ್ನು ಕೊಬ್ಬರಿ ಮಂಡಿಯಲ್ಲಿ ಕೂತು ಓದಿದರು. ಮಠದ ಕಡೆಯ ಮಲ್ಲಿಕಾರ್ಜುನಪ್ಪನವರೂ ಇದ್ದರು. ಚಿಕ್ಕಪ್ಪ ಕನ್ನಡಕ ತೆಗೆದು, "ಏನವ್ವ ಇದು ಸ್ಫೂರ್ತಿ, ನಕ್ಷತ್ರದ ಪಾಠದಾಗೆ ನುಂಗೋದು, ಸುಲಿಯೋದು. ಇದೇನು ಕಸಾಯಿಖಾನೆನಾ?" ಅಂದರು.

"ಗಿಟುಕು ಅಂತ ಬೇರೆ ಬರ್ದವ್ಳೆ," ಅಂದರು ಮಲ್ಲಿಕಾರ್ಜುನಪ್ಪ. "ನಿಮ್ಮ ಮಂಡಿ ರೇಟೂ ಹಾಕಿದ್ರೆ ಚೆನ್ನಾಗಿರೋದು ಓಂಕಾರೇಶಪ್ಪ, ಪುಸ್ತಕ ಬೇಗ ಖರ್ಚಾಗೋದು."

ಇಬ್ಬರೂ ನಕ್ಕರು. ನಾನು, "ಅದು ವಿಜ್ಞಾನ ಚಿಕ್ಕಪ್ಪ, ಆಗಿರೋದೇ ಹಂಗೆ" ಅಂದೆ. "ಆಗಿರ್ಲಿ ಕಣವ್ವ, ಆಗಿದ್ದೆಲ್ಲ ಹಂಗಂಗೇ ಹೇಳಕ್ಕಾಯ್ತದಾ?" ಅಂದರು. ಬಿಡುಗಡೆಗೆ ದೊಡ್ಡವರು ಬರುವವರಿದ್ದಾರೆ, ಅದಕ್ಕೆ ಅವರಿಗೆ ಸ್ವಲ್ಪ ಅಳುಕು. ನಾನು ನೋಡಿಕೊಳ್ಳುತ್ತೇನೆ. ನಿನ್ನ ಹೆಸರು ಪುಸ್ತಕದಲ್ಲಿ ಇರುತ್ತದೆ. ಅದು ಮುಖ್ಯ ಅಲ್ಲವೇ?

ಯೋಗಾನಂದ ಅಪ್ಪ, ಭಾಗಮ್ಮ ಅಮ್ಮ ಚೆನ್ನಾಗಿದ್ದಾರಾ?

ನಿನ್ನ
ಸ್ಫೂರ್ತಿ


ಕಡೂರು
೨೮ ಆಗಸ್ಟ್ ೨೦೨೫

ಸ್ಫೂರ್ತಿ,

ಕರಡಚ್ಚು ಬಂತು. ಹಾಳೆಗಳಿಗೆ ಎಣ್ಣೆ ಹತ್ತಿದೆ, ಮಂಡಿಯ ವಾಸನೆ. ಅದು ಏನೂ ಅಲ್ಲ. ಎಂಟನೆಯ ಪುಟದ ವಾಕ್ಯವನ್ನು ಇಲ್ಲಿ ಬರೆಯುತ್ತೇನೆ.

ನಾನು ಬರೆದದ್ದು: "ದೈತ್ಯ ಗ್ಯಾಲಕ್ಸಿಯು ಪುಟ್ಟ ಗ್ಯಾಲಕ್ಸಿಗಳನ್ನು ನುಂಗಿತು. ಉಳಿದದ್ದು ಗಿಟುಕು."

ಬಂದದ್ದು: "ಮಹಾ ಗ್ಯಾಲಕ್ಸಿಯು ಪುಟ್ಟ ಗ್ಯಾಲಕ್ಸಿಗಳಿಗೆ ಆಶ್ರಯ ನೀಡಿತು. ತತ್ಫಲವಾಗಿ ಲಭಿಸಿದ್ದು ಸಾರಪಿಂಡ."

ಪಿಂಡ ಎಂದರೆ ಏನೆಂದು ಕಡೂರು ತಾಲ್ಲೂಕಿನಲ್ಲಿ ಎಲ್ಲರಿಗೂ ಗೊತ್ತು. ಕಾಗೆ ಕರೆಯುವುದೊಂದು ಬಾಕಿ. ಆದರೆ ಪಿಂಡಕ್ಕೆ ನಗಬಹುದು. ಆಶ್ರಯಕ್ಕೆ ನಗಲು ಆಗಲಿಲ್ಲ. ಬಾಯಲ್ಲಿ ಹಳಸಿದ ಅನ್ನ ಸಿಕ್ಕಂತಾಯಿತು. ಅದು ತಪ್ಪು ಪದ ಅನ್ನುವುದು ಒಂದು. ಅದಕ್ಕಿಂತ ಹೇಸಿಗೆಯದೆಂದರೆ, ಯಾರೋ ಕೂತು, ಯೋಚಿಸಿ, ವಿಭಕ್ತಿಯನ್ನೂ ಸರಿಮಾಡಿ ಅದನ್ನು ಇಟ್ಟಿದ್ದಾರೆ. "ಗಳನ್ನು" ಹೋಗಿ "ಗಳಿಗೆ" ಬಂದಿದೆ. ತಿಂದವನ ಬಾಯಿ ಒರೆಸಿ, ಕೈಗೆ ದಾನದ ಪಾತ್ರೆ ಕೊಟ್ಟ ಹಾಗೆ. ಇದನ್ನು ಓದಿದ ಮಗು ಪರೀಕ್ಷೆಯಲ್ಲಿ ಏನು ಬರೆಯಬೇಕು? ದೈತ್ಯನಿಗೆ ಅಷ್ಟೊಂದು ಮೈ ಎಲ್ಲಿಂದ ಬಂತು ಎಂದು ಕೇಳಿದರೆ?

ಅಚ್ಚಿನ ಅಕ್ಷರ ಕಂಡದ್ದೇ ಅಪ್ಪ ಕೈ ಚಾಚಿದರು. ತಡೆಯಬೇಕಿತ್ತು, ತಡೆಯಲಿಲ್ಲ. ಜಗಲಿಯಲ್ಲಿ ಕೂತು ಬೆರಳಿಟ್ಟು ಓದಿದರು. ಚಲನೆಯ ಭಾಗದಲ್ಲಿ ಒಮ್ಮೆ ತಲೆಯೆತ್ತಿ, "ನಮ್ಮ ಕಡೀಗ್ ಬರೋದು ಗೊತ್ತಾಯ್ತದೆ, ಪಕ್ಕಕ್ ಹೋಗೋದು ಗೊತ್ತಾಗಲ್ಲ. ರಾತ್ರಿ ಹೊತ್ತು ಇಂಜಿನ್ ಲೈಟು ನೋಡ್ದಂಗೆ," ಅಂದರು. ನನಗೆ ಎಷ್ಟು ಸಂತೋಷವಾಯಿತೆಂದು ಬರೆಯುವುದಿಲ್ಲ. ಆಮೇಲೆ ಎಂಟನೆಯ ಪುಟಕ್ಕೆ ಬಂದರು. ಬೆರಳು ನಿಂತಿತು.

"ಆಶ್ರಯ ಕೊಡ್ತಾ? ಯಾರು ಯಾರ್ಗೆ?"

ಅದು ನನ್ನದಲ್ಲ, ಅವರು ತಿದ್ದಿದ್ದು ಎಂದೆ.

"ದೇವನೂರು ಕಡೆ ನಮ್ಮೂರಿನ ಪುಸ್ತಕ ಮಾಡಿದ್ರಲ್ಲ, ಅದ್ರಾಗೂ ಹಿಂಗೇ ಬರ್ದವ್ರೆ. ನಮ್ಮ ಹಟ್ಟಿಗೆ ಊರೋರು ಆಶ್ರಯ ಕೊಟ್ರು ಅಂತ. ಊರಿಗಿಂತ ಮೊದ್ಲೇ ಹಟ್ಟಿ ಇತ್ತು ಕಣವ್ವ. ಬಾವಿ ನಮ್ದು."

ಹಾಳೆಗಳನ್ನು ಜೋಡಿಸಿ ಪಕ್ಕಕ್ಕಿಟ್ಟರು. ಮುಂದೆ ಓದಲಿಲ್ಲ.

ನಿನ್ನ ಚಿಕ್ಕಪ್ಪನಿಗೆ ಹೇಳು. ನನ್ನ ವಾಕ್ಯ ನನ್ನ ವಾಕ್ಯವಾಗಿಯೇ ಇರಬೇಕು, ಇಲ್ಲದಿದ್ದರೆ ಅಧ್ಯಾಯವೇ ಬೇಡ. ಅವರಿಗೂ ನೇರ ಒಂದು ಪತ್ರ ಹಾಕಿದ್ದೇನೆ.

ಸಂಘಮಿತ್ರಾ


ಅಜ್ಜಂಪುರ
೫ ಸೆಪ್ಟೆಂಬರ್ ೨೦೨೫

ಕುಮಾರಿ ಸಂಘಮಿತ್ರಾ ಅವರಿಗೆ ಓಂಕಾರೇಶ್ ಮಾಡುವ ಶುಭಾಶಯಗಳು.

ತಮ್ಮ ಪತ್ರ ತಲುಪಿತು. ತಾವು ಬಹಳ ವಿದ್ಯಾವಂತರು. ತಮ್ಮಂಥವರು ನಮ್ಮ ಗ್ರಂಥಮಾಲೆಗೆ ಬರೆಯುವುದು ನಮಗೆಲ್ಲ ಹೆಮ್ಮೆ. ತಮ್ಮ ಸಮಾಜದಿಂದ ಇಂಥ ಪ್ರತಿಭೆಗಳು ಬರಬೇಕೆಂದು ನಾನು ಎಲ್ಲ ಸಭೆಗಳಲ್ಲೂ ಹೇಳುತ್ತಿರುತ್ತೇನೆ.

ಒಂದು ಪದಕ್ಕೆ ತಾವು ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಗಿಟುಕು ವ್ಯಾಪಾರದ ಮಾತು. ಅದನ್ನು ತೆಗೆದು ಸಾರಪಿಂಡ ಎಂದು ಹಾಕಿದವನು ನಾನೇ, ಒಪ್ಪುತ್ತೇನೆ. ಆದರೆ "ಆಶ್ರಯ" ನನ್ನದಲ್ಲ. ನಾನು ಆ ವಾಕ್ಯವನ್ನೇ ಹೊಡೆದುಹಾಕಿದ್ದೆ. ನಮ್ಮ ಸ್ಫೂರ್ತಿ, ಬೇಡ ಚಿಕ್ಕಪ್ಪ, ಹೀಗೆ ಮಾಡೋಣ ಎಂದು ತಾನೇ ಕೂತು ಬರೆದುಕೊಟ್ಟಳು. ಎಷ್ಟು ಸೊಗಸಾದ ಪದ ನೋಡಿ! ಅರ್ಥವೂ ಉಳಿಯಿತು, ಯಾರಿಗೂ ನೋವಿಲ್ಲ. ತಮ್ಮ ಗೆಳತಿಯೇ ತಿದ್ದಿದ್ದಾದ್ದರಿಂದ ತಮಗೆ ಸಮಾಧಾನವಾಗಬಹುದೆಂದು ತಿಳಿಸುತ್ತಿದ್ದೇನೆ. ಪುಸ್ತಕದ ಉಳಿದ ಕಡೆಯೂ ಹಾಗೆಯೇ ಮಾಡುವಂತೆ ನಮ್ಮ ಡಿಟಿಪಿ ಚಂದ್ರಕುಮಾರನಿಗೆ ಹೇಳಿದ್ದೇನೆ.

ತಾವು ನಮ್ಮ ಗೃಹಪ್ರವೇಶಕ್ಕೆ ಬಂದು ಊಟ ಮಾಡದೆ ಹೋದಿರೆಂದು ಮನೆಯವರಿಗೆ ಇನ್ನೂ ಬೇಸರವಿದೆ. ಒಮ್ಮೆ ಬನ್ನಿ.

ಇಂತಿ ತಮ್ಮ ಹಿತೈಷಿ
ಓಂಕಾರೇಶ್


ಕಡೂರು
೯ ಸೆಪ್ಟೆಂಬರ್ ೨೦೨೫

ಸ್ಫೂರ್ತಿ,

ನಿನ್ನ ಚಿಕ್ಕಪ್ಪನ ಪತ್ರದ ಪ್ರತಿ ಇಟ್ಟಿದ್ದೇನೆ, ಓದು. ನಾನು ಬೇರೆ ಮಾತು ಸೇರಿಸುವ ಅಗತ್ಯವಿಲ್ಲ.

ಊಟ ಮಾಡದೆ ಹೋದೆನಂತೆ. ಪಂಕ್ತಿಗೆ ಕರೆಯುವವರೆಗೆ ಹಿತ್ತಲಿನ ಬೆಂಚಿನ ಮೇಲೆ ಕೂತಿರಲು ಹೇಳಿದ್ದರು, ಕೂತಿದ್ದೆ. ಮೂರು ಪಂಕ್ತಿ ಎದ್ದವು. ನೀನು ಪಾಯಸದ ಬಕೆಟ್ಟು ಹಿಡಿದು ಎರಡು ಸಲ ಬಾಗಿಲಲ್ಲಿ ಹಾದುಹೋದೆ. ಕಣ್ಣಿಗೆ ಕಣ್ಣು ಸಿಕ್ಕಿತು. ಆಮೇಲೆ ಒಬ್ಬಳು ಹೆಂಗಸು ಪ್ಲಾಸ್ಟಿಕ್ ಕವರಿನಲ್ಲಿ ಅನ್ನ, ಹೋಳಿಗೆ ಕಟ್ಟಿಕೊಂಡು ಬಂದು "ಮನೇಲಿ ತಿನ್ನವ್ವ" ಅಂದಳು. ಹೋಳಿಗೆಯ ಮೇಲೆ ಸಾರು ಇಳಿದಿತ್ತು. ಇಷ್ಟು ದಿನ ಆ ಕವರನ್ನು ನೆನೆದರೆ ಅಸಹ್ಯವಾಗುತ್ತಿತ್ತು. ಈಗ ನಿನ್ನ ಅಕ್ಷರ ಕಂಡರೂ ಹಾಗೇ ಆಗುತ್ತಿದೆ.

ನೀನು ಓದದವಳಲ್ಲ. ಕಾದಂಬರಿಯಲ್ಲಿ ಅನುವಾದಕ ಕಷ್ಟದ ಪದದಿಂದ ನುಣುಚಿಕೊಂಡ ಕಡೆ ಪೆನ್ಸಿಲಿನಲ್ಲಿ ಗೀಟು ಹಾಕಿ "ಹೇಡಿ" ಎಂದು ಬರೆಯುತ್ತಿದ್ದವಳು ನೀನು.

ಅಧ್ಯಾಯವನ್ನು ಹಿಂತೆಗೆದುಕೊಂಡಿದ್ದೇನೆ. ಅಚ್ಚು ಹಾಕಬಾರದು. ಟ್ರಸ್ಟಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ತಿಳಿಸಿದ್ದೇನೆ.

ಸಂಘಮಿತ್ರಾ


ತರೀಕೆರೆ
೨೦ ನವೆಂಬರ್ ೨೦೨೫

ಮಿತ್ರಾ,

ನಿನಗೆ ಬರೆಯಬಾರದು ಎಂದುಕೊಂಡಿದ್ದೆ. ಆದರೆ ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ಮೇಲು. ಪುಸ್ತಕ ಬಂದಿದೆ. ನಿನ್ನ ಅಧ್ಯಾಯ ಅದರಲ್ಲಿದೆ. ನಿನ್ನ ಹೆಸರಿಲ್ಲ. ನನ್ನ ಹೆಸರಿದೆ.

ನನಗೆ ಗೊತ್ತಿರಲಿಲ್ಲ ಎಂದು ಬರೆಯಲು ಹೋಗಿ ಹಾಳೆ ಹರಿದೆ. "ಅವ್ಳು ಹೆಸರು ಬ್ಯಾಡ ಅಂದ್ಲು, ಪಾಠ ಹಾಳಾಗೋದು ಬ್ಯಾಡ, ನಿಂದೇ ಹಾಕ್ತೀನಿ" ಎಂದು ಚಿಕ್ಕಪ್ಪ ಹೇಳಿದಾಗ ನಾನು ಅಡುಗೆಮನೆಗೆ ಹೋಗಿ ನೀರು ಕುಡಿದೆ. ವಾಪಸ್ಸು ಬರುವಷ್ಟರಲ್ಲಿ ಅವರು ಬೇರೆ ಮಾತಿಗೆ ಹೋಗಿದ್ದರು. ಹೌದು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಕಾಲೇಜು ಅವರ ಟ್ರಸ್ಟಿನದು. ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ಇದು ನಿನಗೆ ಕಾರಣವಾಗಿ ಕಾಣುವುದಿಲ್ಲ, ಗೊತ್ತು.

ಆದರೆ ಇದನ್ನು ಕೇಳು. ಬಿಡುಗಡೆಯಾದ ವಾರಕ್ಕೆ ನಮ್ಮ ಜೀವಶಾಸ್ತ್ರದ ಪರಮೇಶ್ ಸ್ಟಾಫ್‌ರೂಮಿಗೆ ಪುಸ್ತಕ ಹಿಡಿದು ಬಂದರು.

"ಮೇಡಂ, ಹಾವು ಕಪ್ಪೇನ ಏನ್ ಮಾಡ್ತದೆ?"

"ನುಂಗ್ತದೆ."

"ನಾನೂ ಹಂಗೇ ಬರ್ದಿದ್ದೆ ಕಣ್ರೀ. ಇಲ್ನೋಡಿ, 'ಹಾವು ಕಪ್ಪೆಯನ್ನು ಆಶ್ರಯ ನೀಡುತ್ತದೆ.' ಮುಂದಿನ ಪುಟದಾಗೆ ಹಸು ಹುಲ್ಲನ್ನು ಆಶ್ರಯ ನೀಡಿ ಆಮೇಲೆ ಮೆಲುಕು ಹಾಕ್ತದೆ. ಆರೋಗ್ಯದ ಪಾಠದಾಗೆ ಮಾತ್ರೆಗಳನ್ನು ಊಟವಾದ ಮೇಲೆ ಆಶ್ರಯ ನೀಡಬೇಕು. ಯಾರ್ರೀ ಇದ್ನ ತಿದ್ದಿದ್ದು? ಹಾವಿನ ಚಿಕ್ಕಪ್ಪನಾ?"

ಚಂದ್ರಕುಮಾರ ಒಂದು ಗುಂಡಿ ಒತ್ತಿ ಪುಸ್ತಕದಲ್ಲಿದ್ದ ನುಂಗುಗಳನ್ನೆಲ್ಲ ಬದಲಾಯಿಸಿದ್ದಾನೆ. ಅವನಿಗೆ ಹೇಳಿದ್ದು ಹಾಗೆಯೇ. ಈಗ ತರೀಕೆರೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಮ್ಮ ಹುಡುಗರು, "ಲೇ, ಆ ಬೋಂಡಾಕ್ಕೆ ಆಶ್ರಯ ಕೊಡೋ, ಆರೋಯ್ತದೆ" ಅನ್ನುತ್ತಾರೆ. ನನ್ನನ್ನು ಕಂಡರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಆ ಪದ ಮೊದಲು ಬರೆದ ಕೈ ಯಾವುದೆಂದು ಅವರಿಗೆ ಗೊತ್ತಿಲ್ಲ. ನನಗೆ ನಗು ಬಂದಿತು, ಬಂದದ್ದಕ್ಕೆ ನನ್ನ ಮೇಲೇ ಅಸಹ್ಯವಾಯಿತು.

ಚಿಕ್ಕಪ್ಪ ತಪ್ಪು ತಿದ್ದುವ ಒಪ್ಪೋಲೆಯ ಚೀಟಿ ಮಾಡಿಸಿ ಪ್ರತಿ ಪುಸ್ತಕಕ್ಕೂ ಅಂಟಿಸಿದ್ದಾರೆ. ಅದರಲ್ಲಿ ಹಾವು ಮತ್ತೆ ನುಂಗುತ್ತದೆ, ಹಸು ನುಂಗುತ್ತದೆ, ಮಾತ್ರೆ ನುಂಗಬೇಕು. ಗ್ಯಾಲಕ್ಸಿಯ ಸಾಲನ್ನೂ ನಾನು ಸೇರಿಸಿ ಕೊಟ್ಟಿದ್ದೆ. "ಅದು ಇರ್ಲಿ ಬಿಡು, ಅದು ಚೆನ್ನಾಗೈತೆ" ಎಂದು ಹೊಡೆದುಹಾಕಿದರು. ನಮ್ಮ ಕಾಲೇಜಿನ ಲೈಬ್ರರಿಯ ಪ್ರತಿಗಳಲ್ಲಿ ನಾನೇ ಪೆನ್ನಿನಿಂದ ತಿದ್ದಿದ್ದೇನೆ. ನನ್ನ ಹೆಸರು ಹೊಡೆದು ನಿನ್ನದು ಬರೆದಿದ್ದೇನೆ. ಇನ್ನು ಉಳಿದವು ತಾಲ್ಲೂಕಿನ ತುಂಬ ಹೋಗಿವೆ.

ಭಾನುವಾರ ಕಡೂರಿಗೆ ಬರಲೇ? ಅಪ್ಪನ ಹತ್ತಿರ ನಾನೇ ಮಾತಾಡುತ್ತೇನೆ.

ಸ್ಫೂರ್ತಿ


ಕಡೂರು
೩ ಡಿಸೆಂಬರ್ ೨೦೨೫

ಸ್ಫೂರ್ತಿ,

ನಿನ್ನ ಪತ್ರ ಭಾನುವಾರಕ್ಕೆ ಮುಂಚೆಯೇ ಬಂದಿತ್ತು. ಬೇಕೆಂದೇ ಉತ್ತರಿಸಲಿಲ್ಲ. ನೀನು ಬರಲಿಲ್ಲ, ಒಳ್ಳೆಯದಾಯಿತು. ಮುಂದಿನ ಭಾನುವಾರವೂ ಬೇಡ. ಅಪ್ಪನ ಹತ್ತಿರ ನೀನು ಮಾತಾಡಿದರೆ ಅವರು ನಿನಗೆ ಟೀ ಕೊಡಿಸುತ್ತಾರೆ, ಕುರ್ಚಿ ಕೊಡುತ್ತಾರೆ, ಹೋಗಲಿ ಬಿಡವ್ವ ಅನ್ನುತ್ತಾರೆ. ಅದನ್ನು ಕೂತು ನೋಡಲು ನನ್ನಿಂದಾಗದು. ನೀನು ಹಗುರಾಗಿ ಬಸ್ಸು ಹತ್ತುತ್ತೀಯ.

ಲೈಬ್ರರಿಯ ಪ್ರತಿಗಳಲ್ಲಿ ತಿದ್ದಿದ್ದೀಯೆಂದು ತಿಳಿಯಿತು. ತಿದ್ದಿದ್ದು ಸರಿ. ಅದಕ್ಕೆ ಧನ್ಯವಾದ ಹೇಳಬೇಕೆಂದು ನೀನು ಕಾಯುತ್ತಿಲ್ಲ ಎಂದು ನಂಬುತ್ತೇನೆ.

ಹಾವಿನ ಮಾತನ್ನು ಅಮ್ಮನಿಗೆ ಹೇಳಿದೆ. ಮೊರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದವಳು ನಗುತ್ತ, "ಕಪ್ಪೆಗೂ ಒಂದ್ಮಾತು ಕೇಳ್ಬೇಕಿತ್ತು" ಅಂದಳು. ನಾನು ನಗಲಿಲ್ಲ. ಹಾವಿಗೆ ಅದರ ಕ್ರಿಯಾಪದ ವಾಪಸ್ಸು ಸಿಕ್ಕಿತು. ಹಸುವಿಗೆ ಸಿಕ್ಕಿತು. ಮಾತ್ರೆಗೂ ಸಿಕ್ಕಿತು. ನಿನ್ನ ಚಿಕ್ಕಪ್ಪನಿಗೆ ಪದದ ಅರ್ಥ ಚೆನ್ನಾಗಿ ಗೊತ್ತು, ಎಲ್ಲಿ ಬೇಕು ಎಲ್ಲಿ ಬೇಡ ಅನ್ನುವುದೂ ಗೊತ್ತು. ಅವರು ದಡ್ಡರಾಗಿದ್ದರೆ ನನಗೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲ.

ನಿನ್ನೆ ಅಪ್ಪ ಕೇಳಿದರು, "ಪುಸ್ತಕ ಬಂತಾ?" ಬಂತು, ಅದರಲ್ಲಿ ನನ್ನ ಹೆಸರಿಲ್ಲ ಎಂದೆ. ಯಾಕೆ ಎಂದು ಕೇಳಲಿಲ್ಲ. "ನೀನು ಬರ್ದಿದ್ದು ಐತಲ್ಲ, ಕೈಯಾಗಿಂದು, ಅದ್ನೇ ತಗಂಬಾ" ಅಂದರು. ಕನ್ನಡಕ ಬಚ್ಚಲಿನಲ್ಲಿತ್ತು. ಎದ್ದು ಹೋಗಲು ಅವರಿಗೂ ಮನಸ್ಸಿರಲಿಲ್ಲ, ತಂದುಕೊಡಲು ನನಗೂ ಇರಲಿಲ್ಲ. ನಾನೇ ಓದಿದೆ.

ಆ ವಾಕ್ಯಕ್ಕೆ ಬಂದೆ. ದೈತ್ಯ ಗ್ಯಾಲಕ್ಸಿಯು ಪುಟ್ಟ ಗ್ಯಾಲಕ್ಸಿಗಳನ್ನು ನುಂಗಿತು ಎಂದು ಓದಿದೆ. ಅಪ್ಪ ಕೈಯೆತ್ತಿ ನಿಲ್ಲಿಸಿದರು.

"ನುಂಗಿದ್ದು ದಕ್ತಾ ಅದ್ಕೆ?"

ಈ ಪ್ರಶ್ನೆಯನ್ನು ಪುಣೆಯಲ್ಲಿ ಯಾವ ಸೆಮಿನಾರಿನಲ್ಲೂ ನನಗೆ ಯಾರೂ ಈ ಮಾತಿನಲ್ಲಿ ಕೇಳಿಲ್ಲ. ಯೋಚಿಸಿ ಹೇಳಿದೆ. "ಮೇಲಿಂದೆಲ್ಲ ದಕ್ತು ಅಪ್ಪ. ನಡುವಿಂದು ದಕ್ಕಿಲ್ಲ. ಅದು ಇನ್ನೂ ಸುತ್ತಾನೇ ಐತೆ."

"ಯಾವತ್ತಿಂದ?"

"ಕೆಲವು ಭೂಮಿ ಹುಟ್ಟೋದಕ್ಕಿಂತ ಮುಂಚಿಂದ."

ಅಪ್ಪ ಕಾಲು ಮಡಿಸಿ ಗೋಡೆಗೆ ಒರಗಿ ಕೂತರು.

"ಹಂಗಾದ್ರೆ ಮುಂದಕ್ ಓದು," ಅಂದರು.

ಓದಿದೆ.

ಸಂಘಮಿತ್ರಾ ಯೋಗಾನಂದ